ಗೂಬೆ ಮಲಗಿರುವ ಅಂಗನವಾಡಿ

ಹಾವೇರಿ
೩೦ ಫೆಬ್ರುವರಿ ೨೧೯೧

ಹಿಂದಿನ ಕಾಲದ ಹಿರಿಯರಿಗೆ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರುವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಪದಗಳು ವಿಚಿತ್ರವೆನಿಸಿದರೂ ಕ್ಷಮಿಸಿ. ನಾನು ಬಸಲಿಂಗಪ್ಪ, ಈ ಊರಿನ ಜೀವಗಣಕ. ಅಂದರೆ, ಕಟ್ಟಡ ಎದ್ದ ಜಾಗದಲ್ಲಿ ಹುಳ, ಹಕ್ಕಿ, ಹಲ್ಲಿಗಳನ್ನು ಎಣಿಸಿ ಸರ್ಕಾರಿ ಸಂಬಳ ತಿನ್ನುವವನು. ನಿಮ್ಮ ಕಾಲದಲ್ಲಿ ಕರಡು ಬರೆದ ಕಾನೂನು ಇದು: ಯಾರೇ ಕಟ್ಟಲಿ, ಮೊದಲಿದ್ದದ್ದಕ್ಕಿಂತ ಹೆಚ್ಚು ಜೀವಿಗಳು ಆಮೇಲೆ ಅಲ್ಲಿರಬೇಕು. ಇದ್ದರೆ ‘ಹೆಚ್ಚಳಪತ್ರ’, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಒಳ್ಳೆಯ ಕಾನೂನೇ. ನಮ್ಮ ಬಚ್ಚಲಲ್ಲೂ ಈಗ ಎರಡು ಕಪ್ಪೆಗಳಿವೆ. ಸ್ನಾನಕ್ಕೆ ಅವುಗಳ ಸರದಿಯೇ ಮೊದಲು.

ದೊಡ್ಡ ಬಿಲ್ಡರುಗಳು ಇನ್ನೆಲ್ಲೋ ಕೆರೆ ತೋಡಿಸಿ ಪತ್ರ ಪಡೆದರು. ನಮ್ಮ ಓಣಿಯ ಅಂಗನವಾಡಿಗೆ ಅಷ್ಟು ದುಡ್ಡೆಲ್ಲಿ? ಹೊಸ ಕೋಣೆ ಕಟ್ಟಿ ಮುಗಿದಾಗ ಪತ್ರಕ್ಕೆ ಬೇಕಾದ ಎಣಿಕೆಗೆ ಎರಡು ಜೀವ ಕಡಿಮೆ ಬಿತ್ತು. ನಾನೇ ಬೀಗ ಹಾಕಿದೆ. ಆರು ವರ್ಷದಿಂದ ಟೀಚರ್ ಗಂಗವ್ವಕ್ಕ ಹದಿನೆಂಟು ಮಕ್ಕಳನ್ನು ಆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದಾರೆ.

“ಬಸಲಿಂಗಣ್ಣಾ, ಈ ತಿಂಗಳ ಕಡೀಕ ನಾ ರಿಟೈರ್ ಆಗ್ತೀನಿ. ಒಂದು ದಿನಾರ ಒಳಗ ಕುಂತು ಪಾಠ ಹೇಳ್ತೀನೋ ಇಲ್ಲೋ?” ಎಂದರು.

ಕಳೆದ ವಾರ ಮರುಎಣಿಕೆಗೆಂದು ಬೀಗ ತೆಗೆದೆ. ಗವಾಕ್ಷಿಯಿಂದ ಒಳಬಂದ ಎರಡು ಗೂಬೆಗಳು ಮೂಲೆಯಲ್ಲಿ ಸಂಸಾರ ಹೂಡಿದ್ದವು. ಹಗಲಾದ್ದರಿಂದ ಗಾಢ ನಿದ್ದೆ. ಬೇಕಾಗಿದ್ದದ್ದೂ ಎರಡೇ! ಕುಣಿಯುತ್ತ ಹೆಚ್ಚಳಪತ್ರ ಬರೆದೆ. ಬರೆದಾದ ಮೇಲೆ ಕೆಳಗಿನ ಸಣ್ಣಕ್ಷರ ಓದಿದೆ. ಲೆಕ್ಕಕ್ಕೆ ಬಂದ ಹಕ್ಕಿಯ ಗೂಡಿರುವ ಕೋಣೆಗೆ ಮನುಷ್ಯರು ಕಾಲಿಡುವಂತಿಲ್ಲ.

“ಅಂದ್ರ, ಕೋಣಿ ಪಾಸಾತು, ಹುಡುಗ್ರು ಫೇಲಾದ್ರು?” ಗಂಗವ್ವಕ್ಕ ಕೇಳಿದರು. “ನಿನ್ನ ಪಟ್ಟಿಯೊಳಗ ಇವರದು ಎಷ್ಟನೇ ನಂಬರೋ ಯಪ್ಪಾ?”

ಹುಡುಕಿದೆ. ಮುನ್ನೂರ ಹನ್ನೆರಡು ಕಾಲಂಗಳಿದ್ದವು. ಜೇಡಕ್ಕೇ ಒಂಬತ್ತು. ಮಕ್ಕಳಿಗೆ ಒಂದೂ ಇರಲಿಲ್ಲ.

ಇವತ್ತು ಅವರ ಕೊನೆಯ ದಿನ. ಅದೇ ಕಟ್ಟೆಯ ತುದಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಅ ಆ ಇ ಈ ಹೇಳುತ್ತಿದ್ದಾರೆ, ಪಿಸುದನಿಯಲ್ಲಿ. “ಮೆಲ್ಲಕ ಅನ್ರೋ, ಒಳಗ ಅವು ಮಲಗ್ಯಾವ,” ಎಂದವರು ಗಂಗವ್ವಕ್ಕನೇ.

ಹಿರಿಯರೇ, ಆ ಕರಡು ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ ಒಂದು ಸಾಲು ಸೇರಿಸಿ. ಗೂಬೆಗೆ ಸೂರಿನಡಿ ಗೂಡು ಕೊಡಿ, ಖಂಡಿತ ಕೊಡಿ. ಅದೇ ಸಾಲಿನಲ್ಲಿ ಮಕ್ಕಳಿಗೊಂದು ಬಾಗಿಲನ್ನೂ ಬರೆಯಿರಿ.

ಇಲ್ಲಿಗೆ ನಿಲ್ಲಿಸುತ್ತೇನೆ. ನನ್ನ ಪೆನ್ನಿನ ಸದ್ದು ಜಾಸ್ತಿಯಾಯಿತೆಂದು ಗಂಗವ್ವಕ್ಕ ಕಣ್ಣು ಬಿಡುತ್ತಿದ್ದಾರೆ.