ಹೀಪ್ಸ್ ಅಂದರೆ ಎಷ್ಟು?

ಜನವರಿ ೬
ಇವತ್ತೂ ಸುಡು ಬಿಸಿಲು. ಪಾತ್ರೆ ತೊಳೆದ ನೀರನ್ನೇ ನಿಂಬೆಗಿಡಕ್ಕೆ ಸುರಿದೆ. ಮಳೆನೀರಿನ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ನೆವಿಲ್‌ನನ್ನು ಕೇಳಿದೆ.
"ಹೀಪ್ಸ್! ರಾಶಿ ರಾಶಿ ಇದೆ ಕಣೇ." ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ.
ಮದುವೆಯಾದಾಗಿನಿಂದ ನನ್ನ ಗಂಡನದು ಇದೇ ಉತ್ತರ. ಡೀಸೆಲ್ ಹೀಪ್ಸ್, ಟೈಮ್ ಹೀಪ್ಸ್. ನೊಣಗಳು ಮಾತ್ರ ಜಿಲಿಯನ್, ಲೆಕ್ಕಕ್ಕೇ ಸಿಗದಷ್ಟು! ಈ ಕಣಿವೆಯವರೆಲ್ಲ ಹೀಗೇ. ಅಂಕಿ ಹೇಳಿದರೆ ನಾಲಿಗೆ ಸವೆಯುತ್ತದೆ.

ಜನವರಿ ೯
ಬೆಟ್ಟದಾಚೆ ಹೊಗೆ. ಮೆಲ್ಬರ್ನ್ ರೇಡಿಯೊದಲ್ಲಿ ಬರೀ ಕಾಡ್ಗಿಚ್ಚಿನದೇ ಸುದ್ದಿ. ಇಲ್ಲಿಗೆ ಬಂದರೂ ಮನೆ ಬಿಡುವುದಿಲ್ಲ, ಪಂಪ್ ಹಚ್ಚಿ ಟ್ಯಾಂಕಿನ ನೀರು ಹಾಯಿಸುತ್ತೇವೆ — ನೆವಿಲ್‌ನ ತೀರ್ಮಾನ. ನಾನೂ ಹೂಂ ಅಂದಿದ್ದೆ. ಈಗ ಕೂತಲ್ಲಿ ಕೂರಲಾಗುತ್ತಿಲ್ಲ.
ಸಂಜೆ ಪಕ್ಕದ ಮನೆಯ ಬ್ರಾನ್ವಿನ್ ಡ್ರಮ್ಮು ಹೇರಿದ ಟ್ರೇಲರ್ ತಂದಳು. ಅವಳ ಟ್ಯಾಂಕು ಬರಿದು. ಕುದುರೆಗಳಿಗೆ ನೀರಿಲ್ಲ.
"ತಗೊಂಡ್ಹೋಗು, ಕೇಳೋದೇನು?" ಅಂದ ನೆವಿಲ್.
"ನಿಮಗೆ ಸಾಲುತ್ತಾ ನೆವ್?"
"ಹೀಪ್ಸ್ ಇದೆ! ನಿನ್ನ ಕುದುರೆ ಬೇಕಾದ್ರೆ ಈಜಾಡ್ಲಿ."
ಟ್ರೇಲರ್ ಮತ್ತೆ ಮತ್ತೆ ಬಂದು ತುಂಬಿಸಿಕೊಂಡು ಹೋಯಿತು. ಬಾಯಾರಿದ ಪ್ರಾಣಿಗೆ ಇಲ್ಲ ಅನ್ನುವುದು ಹೇಗೆ?

ಜನವರಿ ೧೨, ಮಧ್ಯಾಹ್ನ
ಗಾಳಿ ಬೆಟ್ಟದ ಕಡೆಯಿಂದ ನಮ್ಮತ್ತಲೇ. ತಡೆಯಲಾಗಲಿಲ್ಲ. ಹೋಗಿ ಟ್ಯಾಂಕನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದೆ. ನೀರಿದ್ದಲ್ಲಿ ಸದ್ದು ಮಂದವಾಗಬೇಕು. ತಲೆಯೆತ್ತರಕ್ಕೆ — ಢಣ್. ಸೊಂಟದ ಹತ್ತಿರ — ಢಣ್. ಬಗ್ಗಿ ಮೊಣಕಾಲಿನ ಮಟ್ಟಕ್ಕೆ ಬಡಿದೆ... ಢಣ್!
ನೆವಿಲ್ ಹಿಂದೆಯೇ ನಿಂತಿದ್ದ.
"ಗೊತ್ತಿತ್ತಾ ನಿನಗೆ?"
"ಬಡಿದು ನೋಡ್ಲಿಲ್ಲ ಕಣೇ."
"ಯಾಕೆ?"
"ನೋಡಿದ್ರೆ ಗೊತ್ತಾಗ್ಬಿಡ್ತಿತ್ತಲ್ಲ."
ಬಾಯಿಗೆ ಬಂದಂತೆ ಬೈದೆ. ಆಮೇಲೆ ಸಂಕಟವಾಯಿತು. ಒಂದೊಂದು ಹಲಗೆಯನ್ನೂ ಅವನೇ ಹೊತ್ತು ಕಟ್ಟಿದ ಮನೆ. ನೀರಿಲ್ಲವೆಂದರೆ ಬಿಟ್ಟು ಹೋಗಲೇಬೇಕು.

ಅದೇ ದಿನ, ನಾಲ್ಕು ಗಂಟೆ
ಆಕಾಶವೆಲ್ಲ ಕಂದು. ಬೂದಿ ಉದುರುತ್ತಿದೆ. ಬಟ್ಟೆ, ಮಾತ್ರೆ, ನಾಯಿ — ಎಲ್ಲ ಕಾರಿನಲ್ಲಿ. ನಾನೂ ಇಲ್ಲೇ ಕೂತು ಗೀಚುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ. ಅವನು ಇನ್ನೂ ಸೂರಿನ ಮೇಲೆ, ಒಣ ಎಲೆ ಗುಡಿಸುತ್ತ! ಹಾರ್ನ್ ಹೊಡೆದೆ.
"ಇಳಿಯೋ ಬೇಗ! ಎಷ್ಟು ಹೊತ್ತಿದೆ ಅಂದ್ಕೊಂಡಿದೀಯ?"
ಬೆಟ್ಟದ ಕಡೆ ನೋಡಿದ. ಹೀಪ್ಸ್ ಅನ್ನುತ್ತಾನೆ ಎಂದು ಕಾದೆ. ಅನ್ನಲಿ ದೇವರೇ ಎಂದುಕೊಂಡೆ.
"ಹತ್ತು ನಿಮಿಷ," ಅಂದ.
ಇವನ ಬಾಯಲ್ಲಿ ಅಂಕಿ! ಏಣಿಗೆ ಕಾಲಿಟ್ಟ. ಇಳಿಯುತ್ತಿದ್ದಾನೆ. ಅವನ ಕಡೆಯ ಬಾಗಿಲು ತೆಗೆದು ಕಾರು ಚಾಲೂ ಮಾಡಬೇಕು, ಬರೆದದ್ದು ಸಾಕು.