ಗದ್ದಲದ ಸಾಮಾನು

ನೆರೆಯ ಸಂಸ್ಥಾನದ ಶಿಕಾರಿ ಖಾತೆಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಜವಾನ, ಆ ಪಟ್ಟೇವಾಲೆ, ಮತ್ತೆ ಕಾಗದ ಹಿಡಿದು ನನ್ನ ಅಂಗಡಿಗೆ ಬಂದಿದ್ದ. ನಿಮ್ಮ ಕರೇಗುಡ್ಡದ ಕಾಯ್ದಿಟ್ಟ ಅಡವಿಯ ಕಾವಲು ನಾಕಾದಲ್ಲಿ ನಾನು ಒಪ್ಪಿಸಿ ಹೋಗಿದ್ದ ‘ಗದ್ದಲದ ಸಾಮಾನು’ಗಳೆಲ್ಲ ನನಗೆ ಮರಳಿ ಮುಟ್ಟಿವೆ ಎಂದು ಸಹಿ ಮಾಡಬೇಕಂತೆ. ಎತ್ತುಗಳ ಕೊರಳ ಗಂಟೆಸರ ಮುಟ್ಟಿದೆ. ನನ್ನ ಮಗನ ಕಾಲಿನ ಬೆಳ್ಳಿಯ ಗೆಜ್ಜೆ ಮುಟ್ಟಿವೆ. ಮಗನ ದನಿ ಮುಟ್ಟಿಲ್ಲ. ಆದ್ದರಿಂದ ಸಹಿ ಮಾಡಿಲ್ಲ. ಈ ಮಾತನ್ನು ಪಟ್ಟೇವಾಲೆಯ ಕಿವಿಯಲ್ಲಿ ಹೇಳಿದರೆ ನಿಮ್ಮ ಮೇಜಿನವರೆಗೆ ಬರುವಷ್ಟರಲ್ಲಿ ಎಲ್ಲೋ ಉದುರಿಹೋಗುತ್ತದೆ. ಅದಕ್ಕೇ ನಿಮ್ಮ ಗಡಿಯ ಹೊರಗೆ ಅಚ್ಚಾಗುವ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಓದುವಾಗ ಹಾಳೆಯನ್ನು ಮೆಲ್ಲಗೆ ತಿರುವಿರಿ, ನಿಮ್ಮ ಅಡವಿಯ ಚಿಗರಿ-ಜಿಂಕೆಗಳು ಬೆದರಿಯಾವು.

ಕಳೆದುಹೋದ ಸಾಮಾನಿನ ಗುರುತು ಹೇಳುವುದು ವಾಡಿಕೆ. ನಾವಿರುವುದು ರಬಕವಿಯ ನೇಕಾರರ ಓಣಿಯಲ್ಲಿ. ನಾನು ನೇಕಾರನಲ್ಲ, ಅವರು ನೇಯ್ದ ಸೀರೆಗಳನ್ನು ಬಂಡಿಯಲ್ಲಿ ಹೇರಿಕೊಂಡು ಜಮಖಂಡಿ, ಮುಧೋಳ, ಬೀಳಗಿಯ ಸಂತೆಗಳಿಗೆ ಒಯ್ದು ಮಾರುವವನು. ಬೆಳಕು ಹರಿಯುವ ಮೊದಲೇ ನಮ್ಮ ಓಣಿಯಲ್ಲಿ ಮಗ್ಗಗಳು ಕಟಕಟ ಎನ್ನತೊಡಗುತ್ತವೆ. ಅಲ್ಲಿ ಹುಟ್ಟಿದ ಕೂಸು ಹಸಿವಾಯಿತೆಂದು ತಿಳಿಸಬೇಕಾದರೆ ಮೆಲ್ಲಗೆ ಅತ್ತರೆ ನಡೆಯುವುದಿಲ್ಲ. ನನ್ನ ಮಗ ಸುಪಾರ್ಶ್ವ ಇದನ್ನು ಹುಟ್ಟಿದ ವಾರದಲ್ಲೇ ಅರಿತುಕೊಂಡಿದ್ದ. ಅವನು ಬಾಯಿ ತೆರೆದರೆ ಎದುರುಮನೆಯ ಶಿದ್ರಾಮಪ್ಪ ಲಾಳಿ ಹಿಡಿದುಕೊಂಡೇ ಹೊರಗೆ ಬಂದು ಕೂಗುತ್ತಿದ್ದ: “ಪಾರಿಸಪ್ಪಾ, ನಿನ್ನ ಮಗಗ ಮದ್ಲ ಹಾಲ ಕುಡಸ್ರೋ ಮಾರಾಯಾ! ನನ್ನ ಮಗ್ಗ ನನಗ ಕೇಳವಲ್ದು!” ನನ್ನ ತಾಯಿ ಅಕ್ಕವ್ವನಿಗೆ ಇದು ದೊಡ್ಡ ಹೆಮ್ಮೆ. “ಅಳ್ಳಿ ಬಿಡು. ಜೀವ ಗಟ್ಟಿ ಐತಿ, ಅಳತೈತಿ” ಎನ್ನುತ್ತಿದ್ದಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು ಅದು. ಅದರ ಗದ್ದಲ ನಮಗೆ ಸಾಕಾಗಿದ್ದೇ ಇಲ್ಲ.

ಅಂಥ ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ನಿಮ್ಮ ಡಂಗುರದವನು ಚಿಮ್ಮಡದ ಸಂತೆಗೆ ಬಂದ. ಕರೇಗುಡ್ಡದ ಅಡವಿಯನ್ನು ಜನರಿಗಾಗಿ ತೆರೆಯಲಾಗಿದೆ, ಮಕ್ಕಳು-ಮರಿ ಸಹಿತ ಬಂದು ಮೃಗಸಂಪತ್ತನ್ನು ಕಂಡು ಆನಂದಿಸಬೇಕು ಎಂದು ಹಲಗೆ ಬಡಿದು ಸಾರಿದ. ಸದ್ದೇ ಮಾಡಕೂಡದ ಜಾಗಕ್ಕೆ ಹಲಗೆ ಬಡಿದು ಕರೆಯುತ್ತಿದ್ದಾರಲ್ಲ ಎಂದು ಅಂದು ನನಗೆ ಹೊಳೆಯಲಿಲ್ಲ. ಹೊಲಕ್ಕೆ ನುಗ್ಗಿ ಜೋಳ ಮೇಯುವ ಚಿಗರಿಗೆ ಒಕ್ಕಲಿಗ ಒಂದು ಹೆಂಟೆ ಎಸೆದರೂ ಅವನನ್ನು ಕಟ್ಟಿಹಾಕುವವರು ನೀವು. ಇಷ್ಟು ಜೋಪಾನ ಮಾಡುವವರು ಪ್ರಾಣಿದಯೆಯ ಜನರೇ ಇರಬೇಕು ಎಂದುಕೊಂಡೆವು. ನಗಬೇಡಿ, ನಾವು ಜೈನರು, ದಯೆ ಎಂಬ ಮಾತು ಕಿವಿಗೆ ಬಿದ್ದರೆ ಬೇಗ ಮೋಸ ಹೋಗುತ್ತೇವೆ. ಅವ್ವನಂತೂ ಕುಣಿದಾಡಿದಳು. “ಜಿಂಕಿ ಅಂದ್ರ ಶಾಂತಿನಾಥ ಸ್ವಾಮಿಯ ಲಾಂಛನ. ಬಸ್ತಿಯೊಳಗ ಕಲ್ಲಾಗ ಕೊರದದ್ದು ನೋಡೇತಿ ಕೂಸು. ಜೀವಂತ ಇದ್ದದ್ದೂ ನೋಡ್ಲಿ, ನಡೀರಿ” ಎಂದಳು.

ಸೀರೆಯ ಗಂಟುಗಳನ್ನು ಇಳಿಸಿ, ಬಂಡಿಗೆ ಕಮಾನು ಕಟ್ಟಿ, ಕೌದಿ ಹಾಸಿ ಹೊರಟೆವು. ನಾನು, ಅವ್ವ, ಹೆಂಡತಿ ಹೀರಾ, ಮಡಿಲಲ್ಲಿ ಸುಪಾರ್ಶ್ವ. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೂಸಿಗೆ ಬಾಳೆಹಣ್ಣು. ದಾರಿಯುದ್ದಕ್ಕೂ ಎತ್ತಿನ ಗಂಟೆ ಜಣಜಣ ಎಂದರೆ ಅವನೂ ಕಾಲು ಬಡಿದು ಗೆಜ್ಜೆ ಸದ್ದು ಮಾಡುತ್ತಿದ್ದ, ಗಂಟೆ ನಿಂತರೆ ಚೀರುತ್ತಿದ್ದ. ಕಬ್ಬಿನ ಬಂಡಿಗಳಿಗೆ ಕೈಬೀಸಿದ, ಹಾದಿಯ ನಾಯಿಗಳನ್ನೆಲ್ಲ ಮಾತಾಡಿಸಿದ. ಇಷ್ಟು ಸುಖವಾದ ಪ್ರಯಾಣ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ಮಾರುವುದಕ್ಕೇನೂ ಇಲ್ಲದೆ ಬಂಡಿ ಹೂಡಿದ್ದು ನಾನು ಅದೇ ಮೊದಲು.

ನಾಕಾದಲ್ಲಿ ನಿಮ್ಮ ಕಾವಲುಗಾರ ಕರೆಪ್ಪ ಬಂಡಿ ತಡೆದ. “ಸಾವ್ಕಾರ್ರ, ಗಂಟಿಸರ ಬಿಚ್ರಿ. ಸದ್ದು ಮಾಡೂ ಸಾಮಾನ ಒಳಗ ಹೋಗಂಗಿಲ್ರಿ, ಸಾಹೇಬ್ರ ಹುಕುಂ ಐತಿ” ಎಂದ. ಬಿಚ್ಚಿದೆ. ಬಂಡಿಯ ಅಚ್ಚಿಗೆ ಎಣ್ಣೆ ಹಾಕಿಸಿದ. ಹೀರಾಳ ಬಳೆಗಳಿಗೆ ಬಟ್ಟೆ ಸುತ್ತಿಸಿದ. ಕೂಸಿನ ಗೆಜ್ಜೆ ಬಿಚ್ಚಿಸಿಕೊಂಡ. ಗೆಜ್ಜೆ ಹೋಯಿತೆಂದು ಕೂಸು ಬಾಯಿ ತೆಗೆಯಿತು ನೋಡಿ, ಕರೆಪ್ಪನ ಮುಖ ಸಣ್ಣದಾಯಿತು. ಬಂಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಗದ್ದಲದ ಸಾಮಾನು ಅವನಿಗೆ ಆಗ ಕಂಡಿತ್ತು.

ಅವನ ಬಳಿ ಅದಕ್ಕೂ ವ್ಯವಸ್ಥೆಯಿತ್ತು. ನಿಮ್ಮ ಖಾತೆಯ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಅಫೀಮಿನ ಗೋಳಿಗಳ ಡಬ್ಬಿ, ಜೊತೆಗೆ ಜೇನಿನ ಬಾಟಲಿ. “ಜೇನಿನ್ಯಾಗ ತೇದು ನೆಕ್ಕಸ್ರಿ. ಕೂಸು ಸುಮ್ಮ ಮಲಗತೈತಿ, ನೀವೂ ಚಂದಾಗಿ ಜಿಂಕಿ ನೋಡಬಹುದು. ಕೂಸಿದ್ದವ್ರು ಎಲ್ಲಾರೂ ಕೊಟ್ಟಾರ್ರಿ” ಎಂದ.

ಅವ್ವ ಬಂಡಿಯಿಂದ ಧುಮುಕಿಬಿಟ್ಟಳು. “ಏನಂದಿ? ಜೇನಾ? ಲೇ, ನಾವು ಜೈನರೋ! ನಮ್ಮ ಮನಿತನದಾಗ ಈತನಕ ಯಾರ ನಾಲಿಗಿಗೂ ಜೇನ ಮುಟ್ಟಿಲ್ಲ. ಹುಳದ ಎಂಜಲಾ ಕೂಸಿನ ಬಾಯಾಗ ಹಾಕಾಕ ಬಂದೀಯಾ?”

ಕರೆಪ್ಪನೂ ಬಿಡಲಿಲ್ಲ. “ಔಷಧ ಅಂತ ತಿಳೀರಿ ಯವ್ವಾ” ಎಂದ. ಅವ್ವ ಶಾಸ್ತ್ರ ತೆಗೆದಳು. ನಾನೂ ಅವ್ವನ ಪರವಾಗಿ ನಿಂತು, ಒಂದು ಹನಿ ಜೇನಿನಲ್ಲಿ ಎಷ್ಟು ಜೀವಗಳ ಪಾಪವಿದೆ ಎಂದು ಗುರುಗಳ ಬಾಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಹಿಂದೆ ನಿಂತ ಬಂಡಿಗಳವರು ಗೊಣಗತೊಡಗಿದರು. ಹೀರಾ ನನ್ನ ತೋಳು ಜಗ್ಗಿ ಮೆಲ್ಲಗೆ, “ರೀ, ಈ ಗೋಳಿ ಹೆಸರಕಾಳಿನಷ್ಟ ಐತಿ. ನಮ್ಮ ಓಣ್ಯಾಗ ಮಗ್ಗಕ್ಕ ಕೂಡೂ ಹೆಣ್ಮಕ್ಕಳು ಸಾಸಿವಿಕಾಳಷ್ಟ ಕೊಡ್ತಾರ” ಎಂದಳು. ಧರ್ಮದ ವಿಷಯ ನಡೆಯುವಾಗ ಹೆಂಗಸರ ಕಾಳಿನ ಲೆಕ್ಕ ಯಾರಿಗೆ ಬೇಕು? ಕೊನೆಗೆ ಕರೆಪ್ಪ ಕೈಮುಗಿದ. ಜೇನು ಬೇಡ, ತಾಯಿಯ ಹಾಲಿನಲ್ಲೇ ತೇದು ಕೊಡಬಹುದು ಎಂದು ಒಪ್ಪಿಕೊಂಡ. ನಾವು ಗೆದ್ದೆವು! ಅವ್ವ ಸೆರಗು ಸರಿಮಾಡಿಕೊಂಡು ಬಂಡಿ ಹತ್ತಿದಳು. ಹೀರಾ ತನ್ನ ಹಾಲಿನಲ್ಲಿ ಹೆಸರುಕಾಳಿನಷ್ಟು ಅಫೀಮು ತೇದು ಬೆರಳಿನಿಂದ ಮಗನ ಬಾಯಿಗೆ ಹಚ್ಚಿದಳು. ಬರೀ ಜೇನನ್ನೇ ಕೊಟ್ಟಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ನಮ್ಮನ್ನು ಒಂದು ತಡಿಕೆಯ ಹಿಂದೆ ಕೂರಿಸಿದಿರಿ. ಪಕ್ಕದ ಎತ್ತರದ ಮಂಚಿಕೆಯ ಮೇಲೆ ನಿಮ್ಮ ಅತಿಥಿಗಳಾದ ಪಾವಣ್ಯಾರು, ಅವರ ತೊಡೆಯ ಮೇಲೆ ಬಂದೂಕು. ಅದನ್ನು ಕಂಡ ಮೇಲೆಯೇ ನಮಗೆ ಅಡವಿ ತೆರೆದ ಕಾರಣ ಅರ್ಥವಾಗಿದ್ದು. ಪಾವಣ್ಯಾರಿಗೆ ಚಿಗರಿಯನ್ನೂ ತೋರಿಸಬೇಕು, ಸುಖವಾಗಿರುವ ಜನರನ್ನೂ ತೋರಿಸಬೇಕು. ಎರಡನ್ನೂ ಒಂದೇ ದಿನ ಮುಗಿಸಿದರೆ ಕೆಲಸ ಸಸ್ತಾ ಅಲ್ಲವೇ? ಗುಡ್ಡದ ಆಚೆ ಕೂಲಿಯವರು ಡಬ್ಬಿ ಬಡಿಯುವುದು, ಅರಚುವುದು, ನಿಮ್ಮ ಬೇಟೆನಾಯಿಗಳು ಬೊಗಳುವುದು ನಮಗೆ ಚೆನ್ನಾಗಿ ಕೇಳುತ್ತಿತ್ತು. “ಆ ಕಡಿ ಗದ್ದಲ, ಈ ಕಡಿ ಸುಮ್ಮ. ಅಂದ್ರ ಚಿಗರಿ ಬೆದರಿ ಈ ಕಡಿ ಓಡಿ ಬರ್ತಾವ್ರಿ” ಎಂದು ಕರೆಪ್ಪ ಪಿಸುಗುಟ್ಟಿದ. ಚಿಗರಿಗಳಿಗೆ ಇಲ್ಲಿ ಅಪಾಯವಿಲ್ಲ ಎಂಬ ನಂಬಿಕೆ ಹುಟ್ಟಿಸಲು ಬೇಕಾದ ಮೌನದಲ್ಲಿ ನನ್ನ ಮಗನ ಪಾಲೂ ಇತ್ತು ಎಂದಾಯಿತು.

“ನಾವು ಹೊರಗ ಹೋಗ್ತೇವಪ್ಪಾ, ಕೊಲ್ಲೂದು ನೋಡಾಕ ಬಂದಿಲ್ಲ ನಾವು” ಎಂದು ಅವ್ವ ಎದ್ದಳು. ಆ ಗಡಿಬಿಡಿಗೆ ಕೂಸು ಒಮ್ಮೆ ಕುಂಯ್ ಎಂದಿತು. ಆಗ ಬಂದವರು ನೀವು. ಕರೆಪ್ಪನಲ್ಲ, ಖಾತೆಯಲ್ಲ, ನೀವು. ಮೀಸೆಯ ಮೇಲೆ ಬೆವರಿತ್ತು. ಕರೆಪ್ಪನ ಡಬ್ಬಿಯಿಂದ ಇನ್ನೊಂದು ಗೋಳಿ ತೆಗೆದಿರಿ.

“ಸಾಹೇಬ್ರ, ಈಗ ಕೊಟ್ಟೇವ್ರಿ” ಎಂದೆ.

“ಚಿಗರಿ ಎಬ್ಬಸೂ ಹಾಕಾ ಸುರು ಆಗೇತಿ, ಈಗ ಯಾರೂ ಎದ್ದು ಹೋಗಂಗಿಲ್ಲ. ಪಾವಣ್ಯಾರು ಭಾಳ ದೂರದಿಂದ ಬಂದಾರ. ಒಂದು ಕೂಸಿನ ಸಲುವಾಗಿ ನನ್ನ ಮರ್ಯಾದಿ ಕಳೀತೀರೇನ?” ಎಂದು ನೀವೇ ಅವನ ಗಲ್ಲ ಒತ್ತಿ ಬಾಯಿ ತೆರೆಸಿ ಗೋಳಿಯನ್ನು ಒಳಗಿಟ್ಟಿರಿ. ನಿಮ್ಮ ಉಂಗುರ ಅವನ ತುಟಿಗೆ ತಾಗಿತು. ನಾನು ನಿಮ್ಮ ಕೈ ಹಿಡಿಯಲಿಲ್ಲ. ಸೀರೆ ಮಾರುವವನಿಗೆ ನಿಮ್ಮ ಸಂಸ್ಥಾನದ ಸಂತೆಗಳೂ ಬೇಕಲ್ಲ.

ಆಮೇಲೆ ಚಿಗರಿಗಳು ಬಂದವು. ಮುಂದೆ ಒಂದು ಕರಿಯ ಗಂಡು, ತಿರುಚಿದ ಕೊಂಬು, ಎಷ್ಟು ಚಂದವಿತ್ತೆಂದರೆ ಅವ್ವ ತನ್ನ ಕೋಪ ಮರೆತು ಕೈಮುಗಿದಳು. ಬಂದೂಕು ಹಾರಿತು. ಎತ್ತುಗಳು ಹಗ್ಗ ಹರಿದುಕೊಂಡವು. ಅವ್ವ ಚೀರಿದಳು. ಮರದ ಹಕ್ಕಿಗಳೆಲ್ಲ ಎದ್ದವು. ಹೀರಾಳ ಮಡಿಲಲ್ಲಿದ್ದ ಕೂಸು ಮಾತ್ರ ಮಿಸುಕಲಿಲ್ಲ. ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ರೀ, ಇವ ಬೆಚ್ಚಲಿಲ್ಲರಿ” ಎಂದಳು. ಚಿಗರಿ ಇನ್ನೂ ಕಾಲು ಬಡಿಯುತ್ತಿತ್ತು. ನೀವು ಮಂಚಿಕೆಯ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ.

ಪಾವಣ್ಯಾರು ಸತ್ತ ಪ್ರಾಣಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವವರೆಗೆ ನಾಕಾ ತೆರೆಯಲಿಲ್ಲ. ಬಿಸಿಲಿನ ಬೆಳಕು ಚೆನ್ನಾಗಿರಲಿ ಎಂದು ಚಿಗರಿಯನ್ನು ಎರಡು ಸಲ ಹೊರಳಿಸಿದರು. ಅಷ್ಟು ಹೊತ್ತು ನನ್ನ ಹೆಂಡತಿ ಅಗಳಿ ಹಾಕಿದ ನಿಮ್ಮ ನಾಕಾದ ಮುಂದೆ ನಿಂತು ಮಗನ ಅಂಗಾಲು ತಿಕ್ಕುತ್ತಿದ್ದಳು. ಕರೆಪ್ಪ ನೀರು ತಂದು ಚಿಮುಕಿಸಿದ, “ಅಳೋ ಎಪ್ಪಾ, ಒಮ್ಮೆ ಅಳೋ” ಎಂದು ಅವನೇ ಅಳುತ್ತಿದ್ದ. ರಬಕವಿಯ ಡಾಕ್ಟರರ ಮನೆ ಮುಟ್ಟುವ ಹೊತ್ತಿಗೆ ಕೂಸಿನ ತುಟಿ ನೀಲಿಯಾಗಿತ್ತು. ಅವರು ಅದನ್ನು ಬದುಕಿಸಿದರು. ಉಸಿರು ಬಹಳ ಹೊತ್ತು ಸಣ್ಣದಾಗಿತ್ತು, ಅದರಿಂದ ಮಿದುಳಿಗೆ ಪೆಟ್ಟು ಬಿದ್ದಿರಬಹುದು, ಕಾದು ನೋಡಬೇಕು ಎಂದರು. ಕಾದು ನೋಡುತ್ತಿದ್ದೇವೆ. ಅವನಿಗೀಗ ಮೂರನೆಯ ವರ್ಷ. ತುತ್ತಿಟ್ಟರೆ ನುಂಗುತ್ತಾನೆ. ಕೂರಿಸಿದರೆ ಒಂದು ಕಡೆಗೆ ವಾಲುತ್ತಾನೆ. ಅಳುವುದಿಲ್ಲ, ನಗುವುದಿಲ್ಲ, ನನ್ನನ್ನು ಗುರುತಿಸುತ್ತಾನೋ ಇಲ್ಲವೋ ನನಗೆ ತಿಳಿಯದು.

ನನ್ನ ದೂರಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರವನ್ನೂ ಓದುಗರು ತಿಳಿಯಲಿ. ಅಫೀಮು ಈ ಭಾಗದ ತಾಯಂದಿರು ತಾವಾಗಿಯೇ ಕೊಡುವ ಪದಾರ್ಥ, ಅದನ್ನು ಕೂಸಿನ ಬಾಯಿಗೆ ಹಚ್ಚಿದ್ದು ತಾಯಿಯ ಬೆರಳು, ಆದ್ದರಿಂದ ಖಾತೆಗೆ ಸಂಬಂಧವಿಲ್ಲ. ಮಾನ್ಯರೇ, ನೀವು ಬಲು ಗುರಿಕಾರರು. ಆ ವಾಕ್ಯವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. ಅಂದಿನಿಂದ ಹೀರಾ ಆ ಬೆರಳಿನಿಂದ ಕುಂಕುಮ ಹಚ್ಚಿಕೊಂಡಿಲ್ಲ, ಮಗನನ್ನು ಮುಟ್ಟಿಲ್ಲ. ಉಣಿಸುವಾಗ ಅದನ್ನು ಮಡಚಿಟ್ಟುಕೊಳ್ಳುತ್ತಾಳೆ. ಅವ್ವ ದೇವರ ಮುಂದೆ ಕುಳಿತು, “ಜೇನ ಕೊಡಲಿಲ್ಲ ನಾವು, ಜೇನ ಕೊಡಲಿಲ್ಲ” ಎನ್ನುತ್ತಿರುತ್ತಾಳೆ. ಎರಡನೆಯ ಗೋಳಿ ಕೊಟ್ಟ ಉಂಗುರದ ಬೆರಳಿನ ಬಗ್ಗೆ ಆ ಉತ್ತರದಲ್ಲಿ ಒಂದಕ್ಷರವೂ ಇಲ್ಲ. ಆ ಬೆರಳನ್ನು ನೀವು ಮಡಚಿಟ್ಟುಕೊಂಡಿದ್ದೀರಾ? ಅಥವಾ ಅದೇ ಬೆರಳಿನಿಂದ ಮನೆಯಲ್ಲಿ ನಿಮ್ಮ ಮಕ್ಕಳ ಗಲ್ಲ ಚಿವುಟುತ್ತೀರಾ?

ಆದರೂ ನಿಮ್ಮ ಖಾತೆಯನ್ನು ಅಪ್ರಾಮಾಣಿಕ ಎನ್ನಲಾರೆ. ಗಂಟೆಸರದಲ್ಲಿ ಒಂದು ಗಂಟೆಯೂ ಕಡಿಮೆಯಿರಲಿಲ್ಲ. ಗೆಜ್ಜೆಗಳನ್ನು ಉಜ್ಜಿ ಹೊಳಪು ಮಾಡಿ ಕಳಿಸಿದ್ದಿರಿ. ಹೀರಾ ಅವನ್ನು ಅಂದೇ ಮಗನ ಕಾಲಿಗೆ ಕಟ್ಟಿದಳು. ಬೆಳೆಯುವ ಕಾಲಿಗೆ ಬಿಗಿಯಾದಾಗಲೆಲ್ಲ ದಾರ ಕೂಡಿಸಿ ಮತ್ತೆ ಕಟ್ಟುತ್ತಾಳೆ. ಕಾಲು ಆಡಿಸುವವರಿಲ್ಲದ ಗೆಜ್ಜೆ ಅವು. ಎದುರುಮನೆಯ ಶಿದ್ರಾಮಪ್ಪ ಈಗಲೂ ನಡುನಡುವೆ ಮಗ್ಗ ನಿಲ್ಲಿಸುತ್ತಾನೆ. ಸ್ವಲ್ಪ ಹೊತ್ತು ನಮ್ಮ ಮನೆಯ ಕಡೆ ಕಿವಿಗೊಟ್ಟು ಕೂತಿದ್ದು, ಮತ್ತೆ ಲಾಳಿ ಎಸೆಯುತ್ತಾನೆ.

ನನ್ನ ಬೇಡಿಕೆ ಸಣ್ಣದು. ಪರಿಹಾರ ಬೇಡ, ವಿಚಾರಣೆಯೂ ಬೇಡ, ಏಕೆಂದರೆ ನಿಮ್ಮನ್ನು ವಿಚಾರಿಸುವವರು ಸಂಜೆಗೆ ನಿಮ್ಮ ಮನೆಯಲ್ಲೇ ಊಟಕ್ಕೆ ಕೂರುವವರು. ಪಟ್ಟೇವಾಲೆಯನ್ನು ಕಳಿಸುವುದನ್ನು ಬಿಟ್ಟು ಒಮ್ಮೆ ನೀವೇ ಬನ್ನಿ. ಬೇಕಾದರೆ ಪಾವಣ್ಯಾರನ್ನೂ ಕರೆತನ್ನಿ, ಅವರ ಬಂದೂಕನ್ನೂ ತನ್ನಿ. ನಮ್ಮ ಪಡಸಾಲೆಯಲ್ಲಿ ನನ್ನ ಮಗನ ಕಿವಿಯ ಪಕ್ಕದಲ್ಲೇ ಹಾರಿಸಿ. ಅವನು ಬೆಚ್ಚಿಬಿದ್ದು ಒಂದೇ ಒಂದು ಸಲ ಅತ್ತರೆ ಸಾಕು, ನಿಮ್ಮ ಕಾಗದಕ್ಕೆ ಆ ಕ್ಷಣವೇ ಸಹಿ ಮಾಡುತ್ತೇನೆ: ಸಾಮಾನೆಲ್ಲ ಮುಟ್ಟಿತು.

ಇಂತಿ,
ನಿಮ್ಮ ಅಡವಿಯಲ್ಲಿ ಎಲ್ಲರಿಗಿಂತ ಸುಮ್ಮನೆ ಕುಳಿತು ನೋಡಿದವನ ತಂದೆ,
ಪಾರಿಸಪ್ಪ, ಸೀರೆ ವ್ಯಾಪಾರಿ
ರಬಕವಿ, ೧೯೩೮