ಮುರಿದವರ ಸರದಿ

ಭಾನುವಾರ, ಜುಲೈ 18

ಪ್ರೀತಿಯ ಪುಟ್ಟಿ,

ನೀವೆಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಹಿಡಿದೇ ತೂಕಡಿಸಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅವಳ ಕಾಲಿಗೆ ವಯಸ್ಸಾಗಿದೆ, ಕಿವಿಗಲ್ಲ.

"ಆಸ್ಪತ್ರೆಯಲ್ಲೇ ಕೆಲಸ ಮಾಡ್ಕೊಂಡು ಅಮ್ಮನ ಸೊಂಟದ ಆಪರೇಷನ್ ಮಾಡಿಸೋಕಾಗಲ್ವಾ ನಿಂಗೆ?" ಎಂದು ಕೇಳಿದ್ದೀಯ. ಕೋಪ ಬಂತು, ನಿಜ ಹೇಳುತ್ತೇನೆ. ದೂರದ ಬೆಟ್ಟ ನುಣ್ಣಗೆ, ಪುಟ್ಟಿ.

ಈ ರೋಗ ಬರುವ ಮೊದಲು ನಮ್ಮಲ್ಲಿ ಅಮ್ಮನಂಥವರ ಸವೆದ ಕೀಲು ಬದಲಿಸುವುದೇ ಒಂದು ಕಾರ್ಖಾನೆಯಂತಿತ್ತು. ಒಬ್ಬರು ಹೊರಗೆ ಹೋಗುವಷ್ಟರಲ್ಲಿ ಇನ್ನೊಬ್ಬರು ಒಳಗೆ. ಈಗ ಅದೇ ಆಪರೇಷನ್ ಥಿಯೇಟರಿನಲ್ಲಿ ಉಸಿರಿಗಾಗಿ ಒದ್ದಾಡುವವರ ಮಂಚಗಳಿವೆ. ಸುತ್ತಿಗೆ, ಗರಗಸಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಿದ್ದೇವೆ. ಥಿಯೇಟರ್ ಸಿಸ್ಟರ್ ಆಗಿದ್ದ ನಾನು ಆಕ್ಸಿಜನ್ ಕೊಳವೆಗಳ ಹಿಂದೆ ಓಡುತ್ತಿದ್ದೇನೆ. ಉಳಿದಿರುವ ಒಂದು ಚಿಕ್ಕ ಥಿಯೇಟರಿನಲ್ಲಿ ಜಾಗ, ಬಿದ್ದು ಸೊಂಟ ಮುರಿದುಕೊಂಡವರಿಗೆ ಮಾತ್ರ. ಅವರನ್ನು ಕಾಯಿಸಿದರೆ ಜೀವಕ್ಕೇ ಸಂಚಕಾರ. ಕೀಲು ಸವೆದವರು ಹಲ್ಲು ಕಚ್ಚಿಕೊಂಡು ಮನೆಯಲ್ಲಿರಬೇಕು. "ಸವೆದವರು ಕಾಯ್ಲಿ, ಮುರಿದವರು ಬರ್ಲಿ" ಎಂದು ನಮ್ಮ ದೊಡ್ಡ ಡಾಕ್ಟರು ನಗುತ್ತಾರೆ. ನಗದೆ ಪಾಪ ಅವರಾದರೂ ಏನು ಮಾಡಿಯಾರು. ಒಂದು ರಾತ್ರಿ ಊಟದ ಹೊತ್ತಿಗೆ ನಾನೂ ಅದನ್ನೇ ಹೇಳಿ ಅಮ್ಮನನ್ನು ನಗಿಸಿದ್ದೆ.

ಬೆಳಿಗ್ಗೆ ಅವಳನ್ನು ಮಂಚದಿಂದ ಎತ್ತಿ, ಬಚ್ಚಲಿಗೆ ಕರೆದೊಯ್ದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಡ್ಯೂಟಿಗೆ ಹೋಗುತ್ತಿದ್ದೆ. ಬಂದ ಮೇಲೆ ಮತ್ತೆ ಅದೇ. ನಿನ್ನ ಭಾವ ಕೈಹಾಕಲು ಬಂದರೆ, "ಅಳಿಯನ ಕೈಲಿ ಎತ್ತಿಸ್ಕೊಳ್ಳೋ ಗತಿ ಬಂದಿಲ್ಲ ನಂಗೆ" ಎಂದು ಹಟ.

ಹೋದ ತಿಂಗಳು ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಜಾರಿ ಬಿದ್ದದ್ದನ್ನು ಭಾವ ಫೋನಿನಲ್ಲಿ ಹೇಳಿದ್ದಾರಲ್ಲ. ಮುರಿದದ್ದು ಎಡಗಡೆ, ಗಟ್ಟಿಯಾಗಿದ್ದ ಕಡೆ. ಮಾರನೆಯ ದಿನವೇ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮಂಚ ಬೇಕೆಂದು ಬೇಗ ಮನೆಗೂ ಕಳಿಸಿದರು. ಆದರೆ ಸವೆದಿರುವ ಬಲಗಡೆ ಹಾಗೇ ಇದೆ. ಹೊಸ ಕಾಲು ಪಳಗುವವರೆಗೆ ಊರುವುದಕ್ಕೆ ಹಳೆಯದು ಬೇಕು, ಅದರ ಮೇಲೆ ಭಾರ ಬಿಟ್ಟರೆ ಚೀರುತ್ತಾಳೆ. "ಗಾಯದ ಮೇಲೆ ಬರೆ ಅಂದ್ರೆ ಇದೇ" ಎಂದರು ಪಕ್ಕದ ಮನೆಯಾಕೆ. ಅಮ್ಮ ಮಾತ್ರ, "ಒಂದು ರಿಪೇರಿ ಆಯ್ತು, ಇನ್ನೊಂದು ಗುಜರಿಗೆ" ಎಂದು ನಗಾಡಿದಳು. ಬಲಗಡೆಯ ಸರದಿ ಯಾವಾಗ ಬರುತ್ತದೋ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ನನಗಂತೂ ಸಾಕಾಗಿದೆ ಪುಟ್ಟಿ, ಸುಮ್ಮನೆ ಎರಡು ದಿನ ನಿದ್ದೆ ಮಾಡಿದರೆ ಸಾಕೆನಿಸುತ್ತದೆ.

ದಾರಿ ತೆರೆದಾಗ ಬಂದುಹೋಗು. ಮಗುವಿನ ಕೆನ್ನೆಗೆ ದೊಡ್ಡಮ್ಮನ ಮುತ್ತು ಕೊಡು. ನೀವು ಮೂವರೂ ನೆಗಡಿ ಕೆಮ್ಮು ಕೂಡ ಕಾಣದೆ ತಣ್ಣಗಿರಿ, ಅಷ್ಟೇ ನನ್ನ ಹಾರೈಕೆ.

ನಿನ್ನ
ಅಕ್ಕ

ಮ.ವಿ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಜಾರಿ ಬೀಳಲಿಲ್ಲ. ನಿನ್ನೆ ತಲೆ ಬಾಚುತ್ತಿದ್ದಾಗ ಅವಳೇ ಹೇಳಿದಳು. "ಮುರಿದ್ರೆ ಬೇಗ ಮಾಡ್ತಾರೆ ಅಂದ್ಯಲ್ಲ, ಬಲಗಡೆಗೇ ಬೀಳೋಣ ಅಂತ ಗೋಡೆ ಹಿಡಿದಿದ್ದ ಕೈ ಬಿಟ್ಟೆ ಕಣೆ. ನೋವಿರೋ ಕಡೆ ಬೀಳೋಕೆ ಮೈ ಒಪ್ಪಲಿಲ್ಲ, ತಾನಾಗೇ ಈಚೆ ತಿರುಗಿಬಿಡ್ತು."

ಅಷ್ಟೊಂದು ನೋವಿತ್ತಾ ಅಮ್ಮ, ಎಂದು ಕೇಳಿದೆ.

"ನೋವು ಹೇಗೋ ತಡ್ಕೊಳ್ತಿದ್ದೆ. ನನ್ನ ಎತ್ತುವಾಗ ದಿನಾ ನೀನು ಬಿಡ್ತಿದ್ದೆ ನೋಡು ಒಂದು ನಿಟ್ಟುಸಿರು, ಅದನ್ನ ಕೇಳೋಕಾಗ್ತಿರಲಿಲ್ಲ."

ಈಗ ಅವಳನ್ನು ಎತ್ತುವಾಗ ಉಸಿರು ಬಿಗಿಹಿಡಿದುಕೊಳ್ಳುತ್ತೇನೆ, ಪುಟ್ಟಿ. ಅದೂ ಅವಳಿಗೆ ಕೇಳಿಸುತ್ತದೆ.